ಸಿಟ್ಟು ಮಾಡ್ಕೊಂಡು ಮಾಡಿದ ಸೇವೆ ದೇವರಿಗೆ ಮುಟ್ಟುತ್ತಾ?

ದಾವಣಗೆರೆ ವಿನೋಬನಗರದಿಂದ ಒಬ್ರು ಅಕ್ಕ ಪತ್ರ ಬರೆದಿದ್ದಾರೆ, ಹೆಸರು ಹಾಕ್ಬೇಡಿ ಅಂದಿದ್ದಾರೆ. ಅತ್ತೆಗೆ ಲಕ್ವ ಹೊಡೆದು ಹಾಸಿಗೆ ಹಿಡಿದಾಗ ಮೂರೂ ಗಂಡುಮಕ್ಕಳು ಕೂತು ಮಾತಾಡಿದ್ರಂತೆ. ದೊಡ್ಡ ಸೊಸೇದು ಸರ್ಕಾರಿ ನೌಕರಿ, ನಡುವಿನವರು ಬೆಂಗಳೂರಲ್ಲಿ, ಹಂಗಾಗಿ ಪ್ರೈವೇಟ್ ಸ್ಕೂಲಲ್ಲಿ ಟೀಚರ್ ಆಗಿದ್ದ ಕಿರಿ ಸೊಸೆ, ಅಂದ್ರೆ ಇವರೇ, ಕೆಲಸ ಬಿಡ್ಬೇಕು ಅಂತ ತೀರ್ಮಾನ ಆಯ್ತು. "ಎಲ್ರೂ ತ್ಯಾಗಮಯಿ ಅಂತಾರೆ, ನನಗೆ ಒಳಗೊಳಗೇ ಸಿಟ್ಟು ಕುದೀತದೆ. ಪ್ರವಚನದಲ್ಲಿ, ನೊಂದ್ಕೊಂಡು ಮಾಡಿದ್ದು ದೇವರಿಗೆ ಮುಟ್ಟಲ್ಲ ಅಂದ್ರು. ಹಂಗಾದ್ರೆ ನಾನು ಮಾಡಿದ್ದೆಲ್ಲ ಹೊಳೇಲಿ ಹುಣಸೆಹಣ್ಣು ತೊಳೆದಂಗಾ? ಸೋಮವಾರ ಉಪವಾಸ ಹಿಡಿದ್ರೆ ಈ ಸಿಟ್ಟು ಹೋಗುತ್ತಾ?" ಅಂತ ಕೇಳಿದ್ದಾರೆ.

ಅಕ್ಕ, ಮೊದ್ಲು ಪ್ರವಚನದ ಮಾತು ಮುಗಿಸಿಬಿಡೋಣ. ಗೀತೆಯ 17ನೇ ಅಧ್ಯಾಯದಲ್ಲಿ ಮೂರು ಥರದ ದಾನ ಹೇಳಿದಾರೆ, ಪ್ರತಿಫಲದ ಆಸೆ ಇಟ್ಕೊಂಡೋ ಮನಸ್ಸು ನೊಂದ್ಕೊಂಡೋ ಕೊಟ್ಟಿದ್ದು ರಾಜಸ. ಸಾತ್ವಿಕಕ್ಕಿಂತ ಕೆಳಗೆ, ನಿಜ, ಆದ್ರೆ ಮುಟ್ಟಲ್ಲ ಅನ್ನೋ ಮಾತು ಅಲ್ಲಿಲ್ಲ. ಮತ್ತೆ ಅದು ಕೊಡೋನು ತಾನೇ ಮುಂದೆ ಬಂದು ಕೊಡೋದರ ಮಾತು. ನಿಮ್ಮ ವಿಷಯದಲ್ಲಿ ಕೊಡೋ ತೀರ್ಮಾನ ಮಾಡಿದ್ದು ಬೇರೆಯವರು, ಕೊಟ್ಟಿದ್ದು ಮಾತ್ರ ನೀವು.

ನಿಮ್ಮ ಪತ್ರ ಓದ್ತಾ ನನಗೆ 'ಕೆರೆಗೆ ಹಾರ' ಅನ್ನೋ ಜನಪದ ಹಾಡಿನ ಭಾಗೀರಥಿ ನೆನಪಾದ್ಲು. ಶಾಲೇಲಿ ಓದಿರ್ತೀರಿ, ಓದ್ಸಿಯೂ ಇರ್ತೀರಿ. ಮಲ್ಲನಗೌಡ ಕೆರೆ ಕಟ್ಟಿಸ್ತಾನೆ, ನೀರು ಬೀಳಲ್ಲ, ಹೊತ್ತಿಗೆ ತೆಗೆಸಿ ನೋಡಿದ್ರೆ ಸೊಸೇನ ಕೊಡಬೇಕು ಅಂತ ಬರುತ್ತೆ. ಆಗ ಮನೇಲಿ ನಡೆಯೋ ಲೆಕ್ಕ ನೋಡಿ, ಹಿರಿ ಸೊಸೇನ ಕೊಟ್ರೆ ಮನೆಯ ಹಿರಿತನಕ್ಕೆ ಯಾರಿಲ್ಲ, ಅದಕ್ಕೆ ಕಿರಿ ಸೊಸೇನೇ ಕೊಡೋದು ಅಂತ. ಗಂಡ ಮಾದೇವರಾಯ ದಂಡಿನಲ್ಲಿ ದೂರ ಇದ್ದಾನೆ. ಗಂಗೆ ಪೂಜೆ ಮುಗಿಸಿ ಎಲ್ರೂ ವಾಪಸ್ ಬರೋವಾಗ, ಮರೆತುಬಂದ ಬಟ್ಟಲು ತರೋಕೆ ಅಂತ ಅವಳೊಬ್ಬಳನ್ನೇ ಕೆರೆಗೆ ಕಳಿಸ್ತಾರೆ. ಒಂದೊಂದು ಮೆಟ್ಟಿಲಿಗೂ ನೀರು ಪಾದಕ್ಕೆ, ಮೊಣಕಾಲಿಗೆ, ನಡುವಿಗೆ ಏರ್ತಾ ಬರುತ್ತೆ. ಊರು ಅವಳನ್ನ ಇವತ್ತಿಗೂ ತ್ಯಾಗಿ ಅಂತ ಹಾಡುತ್ತೆ, ನನಗೆ ಮಾತ್ರ ಆ ಲೆಕ್ಕ ಹಾಕಿದವರ ಮುಖಾನೇ ಕಾಣೋದು. ಯಾರನ್ನ ಕಳಕೊಂಡ್ರೆ ಮನೆಗೆ ಕಮ್ಮಿ ನಷ್ಟ ಅನ್ನೋ ಲೆಕ್ಕ ಅದು, ನಿಮ್ಮ ಮನೇಲಿ ಸಂಬಳ ಯಾರದ್ದು ಕಮ್ಮಿ ಅಂತ ನೋಡಿದ್ರಲ್ಲ, ಅದೇ ಲೆಕ್ಕ.

ಇನ್ನು ನಮ್ಮ ದುರ್ಗದ ಓಬವ್ವ. ಗಂಡ ಮುದ್ದಹನುಮ ಕೋಟೆ ಕಾವಲುಗಾರ, ಊಟಕ್ಕೆ ಅಂತ ಮನೆಗೆ ಬಂದಿದ್ದ, ಮನೇಲಿ ನೀರಿರಲಿಲ್ಲ, ತರೋಕೆ ಹೋದವಳಿಗೆ ಹೈದರಾಲಿ ಸೈನಿಕರು ಕಿಂಡಿಯಿಂದ ಒಬ್ಬೊಬ್ಬರೇ ನುಸುಳೋ ಸುಳಿವು ಸಿಕ್ತು, ಉಣ್ಣೋ ಗಂಡನ್ನ ಎಬ್ಬಿಸದೆ ಒನಕೆ ತಗೊಂಡು ಹೋದ್ಲು ಅಂತ ಕತೆ. ಆ ಕಿಂಡಿ ಎಷ್ಟು ಇಕ್ಕಟ್ಟು ಅಂತ ಕೋಟೆ ಹತ್ತಿದವರಿಗೆ ಗೊತ್ತು. ಮುಂದೆ 1779ರಲ್ಲಿ ಕೋಟೆ ಹೈದರನ ಕೈಗೆ ಹೋಗೇ ಹೋಯ್ತು, ಆದ್ರೂ ಓಬವ್ವನ ಹೆಸರು ಒಂಚೂರೂ ಮಾಸಿಲ್ಲ. ಅವಳನ್ನ ಯಾರೂ ಕೂತು ಆರಿಸಿರಲಿಲ್ಲ. ಕಣ್ಣೆದುರು ಬಂದಿದ್ದಕ್ಕೆ ತಾನೇ ಎದ್ದು ಹೋದ್ಲು.

ನಿಮ್ಮೊಳಗೆ ಓಬವ್ವಾನೂ ಇದ್ದಾಳೆ, ಭಾಗೀರಥೀನೂ ಇದ್ದಾಳೆ, ಅದನ್ನ ಬೇರೆ ಬೇರೆ ಮಾಡಿ ನೋಡಿ. ರಾತ್ರಿಯೆಲ್ಲ ಎರಡು ಗಂಟೆಗೊಮ್ಮೆ ಅಲಾರಂ ಇಟ್ಕೊಂಡು ಎದ್ದು ಅತ್ತೆ ಮಗ್ಗುಲು ಬದಲಿಸ್ತೀನಿ, ಇಲ್ಲಿವರೆಗೂ ಒಂದು ಹಾಸಿಗೆ ಹುಣ್ಣೂ ಆಗಿಲ್ಲ ಅಂತ ಬರೆದಿದ್ದೀರಿ. ಆ ಸಾಲಲ್ಲಿ ನನಗೆ ಸಿಟ್ಟು ಕಾಣ್ಲಿಲ್ಲ, ಅಕ್ಕ. ಅದು ನಿಮ್ಮದೇ, ನೀವೇ ಕೊಟ್ಟಿದ್ದು, ಮುಟ್ಟೋ ಕಡೆ ಮುಟ್ಟಿದೆ. ಸಿಟ್ಟು ಬರೋದು ಬೆಂಗಳೂರಿನ ಭಾವನವರ ಫೋನ್ ಬಂದಾಗ, ದೊಡ್ಡ ಭಾವನವರು ಹಣ್ಣು ತಂದಿಟ್ಟು ಅರ್ಧ ಗಂಟೇಲಿ ಹೊರಟಾಗ ಅಂತ ನೀವೇ ಬರೆದಿದ್ದೀರಲ್ಲ, ಅದು ಅವರ ಪಾಲಿನ ಹೊರೆ ನಿಮ್ಮ ತಲೆ ಮೇಲೆ ಕೂತಿರೋದರ ಸಿಟ್ಟು. ಅದನ್ನ ಪಾಪ ಅಂತ ಯಾಕೆ ಅಂದ್ಕೋತೀರಿ?

ಧರ್ಮ ನಮ್ಮ ಪಾಲು ಸೊನ್ನೆ ಮಾಡ್ಕೊಳ್ಳಿ ಅಂತ ಎಲ್ಲೂ ಹೇಳಿಲ್ಲ. ಆಯ್ದಕ್ಕಿ ಮಾರಯ್ಯ ಒಂದಿನ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ವಾಪಸ್ ಸುರಿದು ಬಾ ಅಂದ್ಲು, ಆದ್ರೆ ದಿನದ ಅಕ್ಕಿ ಬೇಡ ಅನ್ಲಿಲ್ಲ, ದಾಸೋಹ ನಡೆದಿದ್ದೂ ಅದರಲ್ಲೇ. ಬಕ್ರೀದ್ ಕುರ್ಬಾನಿ ಮಾಂಸವನ್ನ ಮೂರು ಪಾಲು ಮಾಡೋ ರೂಢಿ ಐತಲ್ಲ, ಬಡವರಿಗೊಂದು, ನೆಂಟರು ಸ್ನೇಹಿತರಿಗೊಂದು, ಮನೆಗೊಂದು. ಮಾಂಸವೂ ರಕ್ತವೂ ಅಲ್ಲಾಹುವಿಗೆ ತಲುಪಲ್ಲ, ತಲುಪೋದು ನಿಮ್ಮ ಭಕ್ತಿ ಅಂತ ಕುರಾನೇ ಹೇಳುತ್ತೆ, ಆದ್ರೂ ಮನೆಯವರ ಪಾಲು ತಪ್ಪಿಸಿಲ್ಲ. ನಿಮ್ಮ ದಿನದಲ್ಲಿ ನಿಮ್ಮ ಪಾಲು ಎಲ್ಲಿದೆ ಹೇಳಿ?

ಕಾನೂನಿನ ಮಾತೂ ಒಂದು ಕಿವಿಗೆ ಹಾಕ್ತೀನಿ, ಕೋರ್ಟಿಗೆ ಹೋಗಿ ಅಂತಲ್ಲ, ಮನೇಲಿ ಮಾತಾಡೋವಾಗ ಧೈರ್ಯ ಇರ್ಲಿ ಅಂತ. ಹಿರಿಯ ನಾಗರಿಕರ ಪೋಷಣೆಗೆ 2007ರಲ್ಲಿ ಬಂದ ಕಾಯ್ದೆ ತಂದೆತಾಯಿ ಜವಾಬ್ದಾರೀನ ಮಗ, ಮಗಳು, ಪ್ರಾಯಕ್ಕೆ ಬಂದ ಮೊಮ್ಮಕ್ಕಳ ಮೇಲೆ ಹಾಕಿದೆ. ಆ ಪಟ್ಟೀಲಿ ಸೊಸೆ ಅನ್ನೋ ಪದಾನೇ ಇಲ್ಲ. ಹಗಲು ಹೊತ್ತಿಗೆ ಒಬ್ಬ ನರ್ಸಮ್ಮನ್ನ ಇಡೋ ಖರ್ಚನ್ನ ಮೂರು ಜನ ಹಂಚ್ಕೊಳ್ಲಿ ಅಂತ ನಿಮ್ಮ ಯಜಮಾನರ ಬಾಯಿಂದಲೇ ಹೇಳಿಸಿ, ನೀವು ಹೇಳಿದ್ರೆ ಕಿರಿ ಸೊಸೆ ಜಗಳಕ್ಕೆ ನಿಂತ್ಲು ಅಂತಾರೆ. ಹಳೇ ಸ್ಕೂಲಿನವರು ಅರ್ಧ ದಿನಕ್ಕಾದ್ರೂ ಬನ್ನಿ ಅಂತ ಕರೀತಿದ್ದಾರೆ ಅಂದ್ರಲ್ಲ, ಆಗಲ್ಲ ಅಂತ ಈಗ್ಲೇ ಹೇಳ್ಬೇಡಿ.

ಉಪವಾಸ ಬೇಡ, ಅಕ್ಕ. ರಾತ್ರಿ ನಿದ್ದೆ ಇಲ್ಲ, ಬಿಪಿ ಮಾತ್ರೆ ಬೇರೆ ತಗೋತೀರಿ. ಮುಂದಿನ ಸಲ ಬೆಂಗಳೂರಿನವರು ಬಂದಾಗ ಅಲಾರಂ ಅವರ ಫೋನಲ್ಲಿ ಇಡಿಸಿ, ದಿಂಬು ಬೆನ್ನಿಗೆ ಹೆಂಗೆ ಕೊಡ್ಬೇಕು, ಮಗ್ಗುಲು ಹೆಂಗೆ ಹೊರಳಿಸ್ಬೇಕು ಅಂತ ಒಂದ್ಸಲ ತೋರಿಸಿ, ನೀವು ಪಕ್ಕದ ರೂಮಲ್ಲಿ ಬಾಗಿಲು ಹಾಕ್ಕೊಂಡು ಮಲಗಿ. ಅವರಮ್ಮ ಅಲ್ವಾ, ಕಲೀತಾರೆ.