ಕಂಪ್ಯೂಟರ್‌ನಲ್ಲಿ ಸಿಡಿ ಸಿಕ್ಕಿಕೊಂಡಿದೆ, ಚಾಕು ಹಾಕಿ ಎಳೆಯಬಹುದಾ?

ಬೇಡ. ಚಾಕು ಅಡುಗೆಮನೆಯಲ್ಲೇ ಇರಲಿ.

ಅಪ್ಪ-ಅಮ್ಮನ ಫೋಟೋಗಳಿರುವ ಸಿಡಿ, ಬಟನ್ ಒತ್ತಿದರೆ ಗುರ್ ಅನ್ನುತ್ತದೆ, ಟ್ರೇ ಮಾತ್ರ ಬರುವುದಿಲ್ಲ ಅಂದಿದ್ದೀರಿ. 2009ರಲ್ಲಿ ದಾವಣಗೆರೆಯ ವಿನೋಬನಗರದ ನಮ್ಮ ಮನೆಯಲ್ಲೂ ಹೀಗೇ ಆಯ್ತು. ನಮ್ಮದು ಅಕ್ಕನ ಮದುವೆ ಸಿಡಿ. ಅಕ್ಕ-ಭಾವ ಹರಿಹರದಿಂದ ಬಂದಿದ್ದರು. ಎಲ್ಲರೂ ಕೂತು ಮೊದಲಿಂದ ಕೊನೆಯವರೆಗೆ ಫೋಟೋ ನೋಡಿದೆವು. ಅಜ್ಜಿ ಪಂಕ್ತಿಯಲ್ಲಿ ಬೀಗರಿಗೆ ಹೋಳಿಗೆ ಬಡಿಸುತ್ತಾ ನಗುತ್ತಿರುವ ಫೋಟೋ ಬಂದಾಗ ಅಮ್ಮ ಎರಡು ಸಲ ಹಿಂದಕ್ಕೆ ಹಾಕಿಸಿದಳು. ಅಜ್ಜಿ ತೀರಿಕೊಂಡು ಆಗ ನಾಲ್ಕು ತಿಂಗಳು.

ಆಮೇಲೆ ಸಿಡಿ ತೆಗೆಯೋಣ ಅಂದರೆ ಟ್ರೇ ಒಂದು ಬೆರಳಷ್ಟು ಬಂದು ನಿಂತಿತು. ನಾನು ಆ ಸಂದಿಯಲ್ಲಿ ಚಾಕು ತೂರಿಸಿ ಮೀಟಿದೆ. ಟ್ರೇ ಬಂತು. ಸಿಡಿ ಮೇಲೆ, ಅಕ್ಕನ ಹೆಸರು ಬರೆದಿದ್ದ ಕಡೆ, ಅಂಚಿನಿಂದ ಒಳಕ್ಕೆ ಒಂದು ಗೀರು. ಸ್ವೀಟಿನ ಮೇಲಿನ ಬೆಳ್ಳಿ ಹಾಳೆ ಥರ ಚೂರು ಉದುರಿತ್ತು. ಟ್ಯೂಬ್‌ಲೈಟಿಗೆ ಹಿಡಿದರೆ ಗೀರಿನೊಳಗಿಂದ ಬೆಳಕು ಕಾಣುತ್ತಿತ್ತು.

ಮೇಲ್ಭಾಗ ತಾನೇ, ಹೊಳೆಯುವ ಕಡೆ ಚೆನ್ನಾಗಿದೆಯಲ್ಲ ಅಂದುಕೊಂಡೆ. ಆದರೆ ಸಿಡಿಯ ಜೀವ ಇರುವುದೇ ಮೇಲ್ಭಾಗದಲ್ಲಿ. ದಪ್ಪಗಿನ ಪ್ಲಾಸ್ಟಿಕ್ ಇರುವುದು ಕೆಳಗಡೆ. ಅಲ್ಲಿ ಗೀರು ಬಿದ್ದರೆ ಎಷ್ಟೋ ಸಲ ಪಾಲಿಶ್ ಮಾಡಿ ಓದಿಸಬಹುದು. ಮೇಲೆ ಇರುವುದು ತೆಳುವಾದ ಲೇಪ, ಅದರ ಕೆಳಗೇ ಫೋಟೋ ಹಿಡಿದಿಟ್ಟ ಪದರ. ಅದು ಕಿತ್ತುಬಂದರೆ ಫೋಟೋನೇ ಕಿತ್ತುಬಂದ ಹಾಗೆ. (ಡಿವಿಡಿಯಲ್ಲಿ ಆ ಪದರ ಎರಡು ಪ್ಲಾಸ್ಟಿಕ್ ಬಿಲ್ಲೆಗಳ ನಡುವೆ ಇರುತ್ತದೆ, ಅಷ್ಟು ಸುಲಭಕ್ಕೆ ಹೋಗುವುದಿಲ್ಲ.) ಸಿಡಿ ಬರೆಯುವಾಗ ಒಳಗಿನಿಂದ ಹೊರಕ್ಕೆ ಬರೆಯುತ್ತದೆ. ಹಾಗಾಗಿ ಅರಿಶಿನ ಹಚ್ಚುವ ಫೋಟೋಗಳು ಉಳಿದವು. ಧಾರೆ, ಊಟದ ಪಂಕ್ತಿ ಅಂಚಿನ ಕಡೆಗಿದ್ದವು, ಹೋದವು. ಸ್ಟುಡಿಯೋದವರ ಹತ್ತಿರವೂ ಇರಲಿಲ್ಲ.

ಆದರೂ ಚಾಕು ಹಾಕಿದ್ದು ಎರಡನೇ ತಪ್ಪು. ಮೊದಲ ತಪ್ಪು ಅದಕ್ಕೂ ಮುಂಚೆಯೇ ಆಗಿತ್ತು. ಐದು ನಿಮಿಷದ ಹಿಂದೆ ಅದೇ ಡ್ರೈವ್ ಅಷ್ಟೂ ಫೋಟೋ ತೋರಿಸಿತ್ತು. ಹಳೇ ಡ್ರೈವ್‌ನಲ್ಲಿ ಟ್ರೇ ಎಳೆಯುವ ಸಣ್ಣ ರಬ್ಬರ್ ಬೆಲ್ಟ್ ಸಡಿಲವಾಗಿ ಜಾರುತ್ತದೆ. ಸಿಡಿ ತಿರುಗಿಸುವ ಮೋಟರ್ ಬೇರೆ, ಅದು ಚೆನ್ನಾಗೇ ಇರುತ್ತದೆ. ಅಂದರೆ ಬಾಗಿಲು ಕೆಟ್ಟಿತ್ತು, ಓದುವುದು ಕೆಟ್ಟಿರಲಿಲ್ಲ. 700 ಎಂಬಿ ಒಳಗಿನ ಫೋಟೋಗಳನ್ನು ಕಾಪಿ ಮಾಡಲು ಎಷ್ಟು ಹೊತ್ತು ಬೇಕಿತ್ತು? ನನಗೆ ಅದು ಹೊಳೆಯಲೇ ಇಲ್ಲ. ತೆಗೆಯಬೇಕು, ತೆಗೆಯಬೇಕು, ಅಷ್ಟೇ ತಲೆಯಲ್ಲಿತ್ತು.

ಅದಕ್ಕೇ ನಿಮ್ಮ ಪ್ರಶ್ನೆ ನನಗೆ ಒಪ್ಪಿಗೆ ಇಲ್ಲ. ಸಿಡಿ ಹೊರಗೆ ಬರುವುದು ಈಗ ಮುಖ್ಯ ಅಲ್ಲ. ಫೋಟೋ ಕಾಣಿಸುತ್ತಿವೆಯಾ? ಹಾಗಿದ್ದರೆ ಬಟನ್ ಮುಟ್ಟಬೇಡಿ. ಮೊದಲು ಎಲ್ಲವನ್ನೂ ಕಂಪ್ಯೂಟರಿಗೆ, ಹಾಗೇ ಒಂದು ಪೆನ್‌ಡ್ರೈವ್‌ಗೆ ಕಾಪಿ ಮಾಡಿ. ಒಂದೊಂದು ಫೋಲ್ಡರ್ ತೆರೆದು ನೋಡಿಕೊಳ್ಳಿ.

ಆಮೇಲೆ ಕಂಪ್ಯೂಟರ್ ಆಫ್ ಮಾಡಿ, ಪ್ಲಗ್ ಕೀಳಿ. ಟ್ರೇ ಮುಂಭಾಗದಲ್ಲಿ ಸೂಜಿಮೊನೆಯಷ್ಟು ತೂತು ಇರುತ್ತದೆ. ಕಾಗದಕ್ಕೆ ಹಾಕುವ ಕ್ಲಿಪ್ ನೇರ ಮಾಡಿ, ಓರೆಯಾಗದಂತೆ ಒಳಗೆ ಹಾಕಿ. ತಡೆದಂತೆ ಆದ ಕಡೆ ಮೆಲ್ಲಗೆ ಒತ್ತಿದರೆ ಟ್ರೇ ಸ್ವಲ್ಪ ಹೊರಗೆ ಬರುತ್ತದೆ. ಮಿಕ್ಕಿದ್ದನ್ನು ಕೈಯಲ್ಲಿ ಎಳೆಯಿರಿ. ನನ್ನ ಡ್ರೈವ್‌ನಲ್ಲೂ ಆ ತೂತು ಇತ್ತು. ಮಾರನೇ ದಿನ ರಿಪೇರಿ ಹುಡುಗ ತೋರಿಸಿದ.

ಟ್ರೇ ಇಲ್ಲದೆ ಬರೀ ಸೀಳಿನೊಳಗೆ ಸಿಡಿ ನುಂಗುವ ಲ್ಯಾಪ್‌ಟಾಪ್ ಆದರೆ, ಅಥವಾ ಫೋಟೋ ಕಾಣಿಸುತ್ತಲೇ ಇಲ್ಲ ಅಂದರೆ, ಮನೆಯಲ್ಲಿ ಏನೂ ಮಾಡದೆ ಅಂಗಡಿಗೆ ಒಯ್ಯಿರಿ. ಕೊಡುವಾಗಲೇ ಸ್ಪಷ್ಟವಾಗಿ ಹೇಳಿ: ಡ್ರೈವ್ ಒಡೆದರೂ ಪರವಾಗಿಲ್ಲ, ಒಳಗಿನ ಸಿಡಿಗೆ ಏನೂ ಆಗಬಾರದು.