ಎಲ್ಲಾ ಬಿಡಿಸಿ ಹೇಳ್ಲೇಬೇಕಾ ಮೇಡಂ?

ಪ್ರಶ್ನೆ: ಮೇಡಂ ನಮಸ್ತೆ. ನಂಗೆ 34 ವರ್ಷ, ದಾವಣಗೆರೆ ಕಡೆಯವಳು, ಇಬ್ಬರು ಮಕ್ಕಳು. ಎರಡು ವರ್ಷದಿಂದ ಯಾವುದ್ರಲ್ಲೂ ಮನಸ್ಸಿಲ್ಲ, ರಾತ್ರಿ ಮೂರಕ್ಕೆ ಎಚ್ಚರ ಆದ್ರೆ ಬೆಳಗಾಗೋ ತನಕ ಫ್ಯಾನ್ ನೋಡ್ಕೊಂಡು ಬಿದ್ದಿರ್ತಿದ್ದೆ. ಡಾಕ್ಟರು ಡಿಪ್ರೆಶನ್ ಅಂತ ಮಾತ್ರೆ ಕೊಟ್ರು, ನಿದ್ದೆ ಸ್ವಲ್ಪ ಪರವಾಗಿಲ್ಲ, ಎದೆ ಮೇಲಿನ ಭಾರ ಮಾತ್ರ ಹಾಗೇ ಇದೆ. ಅವರಿಗೆ ಹೇಳದೇ ಇರೋದು ಒಂದಿದೆ. ಒಂಬತ್ತು ವರ್ಷದವಳಿದ್ದಾಗ ಸಂಬಂಧಿಯೊಬ್ರು ಬೇಸಿಗೆ ರಜಾದಲ್ಲಿ ಅಟ್ಟಕ್ಕೆ ಕರ್ಕೊಂಡು ಹೋಗಿ ಕೆಟ್ಟದಾಗಿ ನಡ್ಕೋತಿದ್ರು, ಎರಡು ವರ್ಷ. ಈಗ್ಲೂ ನಶ್ಯದ ವಾಸನೆ ಬಂದ್ರೆ ಕೈಕಾಲು ತಣ್ಣಗಾಗುತ್ತೆ. ಹೋದ ವರ್ಷ ತಮ್ಮನ ಗೃಹಪ್ರವೇಶದಲ್ಲಿ ‘ದೊಡ್ಡವರು, ಕಾಲಿಗೆ ಬೀಳೇ’ ಅಂತ ಅಮ್ಮನೇ ಮುಂದೆ ತಳ್ಳಿದ್ರು. ಬಿದ್ದೆ. ಆಮೇಲೆ ಬಾತ್‌ರೂಮಲ್ಲಿ ವಾಂತಿ ಮಾಡ್ಕೊಂಡೆ. ಒಬ್ರು ಕೌನ್ಸೆಲರ್ ಹತ್ರ ಹೋಗಿದ್ದೆ, ಮೊದಲ್ನೇ ದಿನಾನೇ ಏನೇನಾಯ್ತು ಎಲ್ಲಾ ಹೇಳಿ ಅಂದ್ರು, ಕೇಳ್ಕೊಂಡು ‘ಕ್ಷಮಿಸಿಬಿಡಿ, ಹಗುರ ಆಗ್ತೀರಿ’ ಅಂದ್ರು. ಮತ್ತೆ ಹೋಗ್ಲಿಲ್ಲ. ಎಲ್ಲಾ ಬಿಡಿಸಿ ಹೇಳಿದ್ರೆ ಮಾತ್ರ ವಾಸಿ ಆಗೋದಾ? ಅವತ್ತು ನಾನ್ಯಾಕೆ ಕೂಗ್ಲಿಲ್ಲ? ಮುಂದಿನ ತಿಂಗಳು ಒಂದು ಮದುವೆ ಇದೆ, ಆ ಸಂಬಂಧಿನೂ ಬರ್ತಾರೆ.
– ಹೆಸರು ಬೇಡ

ಉತ್ತರ: ಮೊದ್ಲು ಆ ಕೌನ್ಸೆಲರ್ ವಿಷಯ ಮುಗಿಸ್ತೀನಿ. ಮೊದಲ್ನೇ ದಿನಾನೇ ಎಲ್ಲಾ ಕೆದಕಿದ್ದು ತಪ್ಪು, ಕ್ಷಮಿಸಿ ಅಂದಿದ್ದು ಇನ್ನೂ ತಪ್ಪು, ಅದು ಚಿಕಿತ್ಸೆ ಅಲ್ಲ, ನೆಂಟರ ಪಂಚಾಯ್ತಿ. ಬಿಟ್ಟು ಬಂದಿದ್ದು ಒಳ್ಳೇದಾಯ್ತು, ಆದ್ರೆ ಥೆರಪಿ ಅಂದ್ರೇ ಇಷ್ಟೇ ಅಂದ್ಕೋಬೇಡಿ.

ಎಲ್ಲಾ ಹೇಳ್ಲೇಬೇಕಾ? ಬೇಡ. ಈ ಕೆಲಸ ಕಲ್ತಿರೋರು ಶುರುವಿನಲ್ಲಿ ಅಟ್ಟದ ಸುದ್ದಿಗೇ ಹೋಗಲ್ಲ. ಮೂರು ಗಂಟೆಗೆ ಎಚ್ಚರ ಆದಾಗ ಏನ್ಮಾಡೋದು, ನಶ್ಯದ ವಾಸನೆಗೆ ಒಂಬತ್ತನೇ ವಯಸ್ಸಿಗೆ ಜಾರಿದ ಮನಸ್ಸನ್ನ ವಾಪಸ್ ಎಳ್ಕೊಂಡು ಬರೋದು ಹೇಗೆ, ಮೊದ್ಲು ಅದು. ಒಂದು ಈಗ್ಲೇ ಮಾಡಿ ನೋಡಿ: ಪಾದ ನೆಲಕ್ಕೆ ಒತ್ತಿ, ಎದುರಿಗಿರೋ ಐದು ವಸ್ತು ಬಾಯ್ಬಿಟ್ಟು ಹೇಳಿ, ಗೋಡೆ ಗಡಿಯಾರ, ಮಗು ಬ್ಯಾಗು, ಹಾಲಿನ ಪಾತ್ರೆ, ಹೀಗೆ, ಆಮೇಲೆ ಇವತ್ತಿನ ತಾರೀಖು, ನಿಮ್ಮ ವಯಸ್ಸು. ಮಕ್ಕಳಾಟ ಅನ್ಸುತ್ತೆ, ನಂಗೂ ಕಲಿಯೋವಾಗ ಹಾಗೇ ಅನ್ಸಿತ್ತು.

ಇನ್ನು ಕೂಗ್ಲಿಲ್ಲ ಅನ್ನೋದು. ಹಾವು ಕಂಡ ಕಪ್ಪೆ ಹಾರೋದನ್ನೇ ಮರೆತು ಕೂತಂಗೆ, ಭಯ ಮಿತಿ ಮೀರಿದಾಗ ಮೈ ಕಲ್ಲಾಗುತ್ತೆ, ದನಿ ಹೊರಡಲ್ಲ. ಅದು ಒಪ್ಪಿಗೆ ಅಲ್ಲ, ಮತ್ತೆ ಒಂಬತ್ತು ವರ್ಷದ ಮಗು ಒಪ್ಪೋದು ಅಂತ ಒಂದು ಇರೋದೇ ಇಲ್ಲ. ನಿಮ್ಮ ಎದೆ ಮೇಲಿನ ಭಾರದಲ್ಲಿ ಮುಕ್ಕಾಲು ಪಾಲು ಈ ‘ನಂದೇ ತಪ್ಪು’ ಅಂತ ನಂಗನ್ಸುತ್ತೆ. ಅದಕ್ಕೆ ಅಂತಾನೇ ಒಂದು ಥೆರಪಿ ಇದೆ, ಕಾಗ್ನಿಟಿವ್ ಪ್ರೊಸೆಸಿಂಗ್ ಥೆರಪಿ, 1980ರ ದಶಕದ ಕೊನೇಲಿ ಅಮೆರಿಕದ ಪೆಟ್ರೀಶಿಯಾ ರೆಸಿಕ್ ಅತ್ಯಾಚಾರಕ್ಕೆ ಒಳಗಾದ ಹೆಂಗಸರಿಗೆ ಅಂತ ಶುರು ಮಾಡಿದ್ದು, ಸಾಮಾನ್ಯವಾಗಿ 12 ಸಿಟಿಂಗ್. ‘ಕೂಗಿದ್ರೆ ತಪ್ಪುತ್ತಿತ್ತು’ ಅನ್ನೋ ಮಾತನ್ನ ಹಾಳೆ ಮೇಲೆ ಬರೆದು ಲಾಯರ್ ಥರ ಕೇಳ್ಕೊಂಡು ಹೋಗೋದು: ಯಾರಿಗೆ ಕೇಳಿಸ್ತಿತ್ತು? ಕೇಳಿಸಿದ್ರೆ ಯಾರು ನಂಬ್ತಿದ್ರು? ಅವರು ಎಷ್ಟು ಎತ್ತರ, ನೀವೆಷ್ಟಿದ್ರಿ? ಆಘಾತಕ್ಕೆ ಅಂತ ಬಂದ ಥೆರಪಿ ಆದ್ರೂ ಜೊತೆಗೆ ಖಿನ್ನತೆನೂ ಇಳಿಯುತ್ತೆ. ಘಟನೆ ವಿವರ ಬರೆಯದೇನೂ ಇದು ನಡೆಯುತ್ತೆ, ನಿಮ್ಮ ಪ್ರಶ್ನೆಗೆ ಬೇಕಾಗಿದ್ದು ಇದೇ ಅಲ್ವಾ.

ಮಾತ್ರೆ ನೀವೇ ನಿಲ್ಲಿಸ್ಬೇಡಿ. ‘ಚಿಕ್ಕವಳಿದ್ದಾಗ ದೌರ್ಜನ್ಯ ಆಗಿತ್ತು, ವಿವರ ಬೇಡ, ಥೆರಪಿಗೆ ಕಳಿಸಿ’ ಅಂತ ನಿಮ್ಮ ಡಾಕ್ಟರಿಗೆ ಹೇಳಿ, ಇಷ್ಟು ಸಾಕು, ಬಾಯಲ್ಲಿ ಬರ್ಲಿಲ್ಲ ಅಂದ್ರೆ ಚೀಟಿ ಕೊಡಿ. ಅವರು ಅದನ್ನ ಗುಟ್ಟಾಗಿ ಇಡ್ಬೇಕು, 2017ರ ಮಾನಸಿಕ ಆರೋಗ್ಯ ಕಾಯ್ದೆನೇ ಹೇಳುತ್ತೆ. ಹೊಸ ಥೆರಪಿಸ್ಟಿಗೆ ಫೋನಲ್ಲೇ ಕೇಳಿ, ಕ್ಲಿನಿಕಲ್ ಸೈಕಾಲಜಿಸ್ಟಾ, ಇಂಥ ಕೇಸ್ ನೋಡಿದ್ದೀರಾ, ನಾನು ಸಾಕು ಅಂದ್ರೆ ನಿಲ್ಲಿಸ್ತೀರಾ ಅಂತ. ಕೇಳಿದ್ದಕ್ಕೆ ಸಿಡುಕಿದ್ರೆ ಬೇರೆಯವರನ್ನ ನೋಡಿ. ಜಿಲ್ಲಾಸ್ಪತ್ರೆ ಮನೋರೋಗ ವಿಭಾಗದಲ್ಲೂ ವಿಚಾರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಹಗಲೂ ರಾತ್ರಿ ಇರುತ್ತೆ, ಫ್ರೀ, ಕನ್ನಡದಲ್ಲೇ ಮಾತಾಡ್ಬೋದು. ಬದುಕೇ ಬೇಡ ಅನ್ಸಿದ್ರೆ ಒಂದು ದಿನನೂ ಕಾಯ್ಬೇಡಿ, ಅಲ್ಲಿಗೆ ಫೋನ್ ಮಾಡಿ, ಹತ್ತಿರದವರನ್ನ ಕರ್ಕೊಂಡು ಆಸ್ಪತ್ರೆಗೆ ಹೋಗಿ.

ಮದುವೆಗೆ ಹೋಗ್ಲೇಬೇಕು ಅಂತೇನಿಲ್ಲ. ಹೋದ್ರೂ ಕಾಲಿಗೆ ಬೀಳ್ಬೇಡಿ. ಅರಿಶಿನ ಕುಂಕುಮ ಕೊಡೋ ಕೆಲಸ ಕೇಳಿ ತಗೊಳ್ಳಿ, ಕೈಲಿ ತುಂಬಿದ ತಟ್ಟೆ ಇದ್ರೆ ಯಾರೂ ಬಗ್ಗು ಅನ್ನಲ್ಲ. ಇನ್ನೊಂದು, ನಿಮ್ಮ ಮಕ್ಕಳಾಗ್ಲಿ ತಮ್ಮನ ಮಕ್ಕಳಾಗ್ಲಿ ಆ ಮನುಷ್ಯನ ಜೊತೆ ಒಂಟಿ ಇರದಂಗೆ ನೋಡ್ಕೊಳ್ಳಿ, ಯಾವ ಮಗು ಬಗ್ಗೆ ಅನುಮಾನ ಬಂದ್ರೂ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ, ಮನೆತನದ ಮರ್ಯಾದೆ ಆಮೇಲೆ ನೋಡ್ಕೊಳ್ಳೋಣ.