ಎರಡನೇ ಭಾಗದ ನಾಯಕಿಗೆ ಮತ್ತೆ ಓನಾಮವೇ?

ಓದುಗರೊಬ್ಬರ ಪತ್ರದ ಸಾರ: ‘ವೈಜ್ಞಾನಿಕ ಚಿತ್ರಕಥೆಯೊಂದರ ಎರಡನೇ ಭಾಗ ಬರೆಯುತ್ತಿದ್ದೇನೆ. ನಾಯಕ ಮನೆ ಬಿಟ್ಟು ಸಾಹಸಕ್ಕೆ ಹೊರಟು ಬದಲಾಗಿ ಮರಳುವ ‘ನಾಯಕನ ಯಾನ’ ಎಂಬ ಕಥಾಸೂತ್ರದ 12 ಹಂತಗಳನ್ನು ಚಾಚೂ ತಪ್ಪದೆ ಪಾಲಿಸಿದ್ದೇನೆ. ಆದರೂ ಓದಿದವರೆಲ್ಲ ಇದನ್ನು ಆಗಲೇ ನೋಡಿದ್ದೇವಲ್ಲ ಎನ್ನುತ್ತಾರೆ. ಮೊದಲ ಭಾಗದಲ್ಲಿ ಗ್ರಹವನ್ನೇ ಉಳಿಸಿದ ಪೈಲಟ್ ಇಲ್ಲಿ 30ನೇ ಪುಟದವರೆಗೂ ಹೊರಡಲು ಹಿಂಜರಿಯುತ್ತಾಳೆ. ತಪ್ಪೆಲ್ಲಿದೆ?’

ಸಂಪಾದಕರ ಉತ್ತರ:

ಹಿಂಜರಿಕೆ ತಪ್ಪಲ್ಲ, ಅದಕ್ಕೆ ನೀವು ಕೊಟ್ಟ ಕಾರಣ ತಪ್ಪು. ನಿಮ್ಮ ಪೈಲಟ್ ‘ನನ್ನಿಂದಾಗದು’ ಎನ್ನುತ್ತಾಳೆ. ಒಮ್ಮೆ ಮಾಡಿ ತೋರಿಸಿದವಳ ಬಾಯಲ್ಲಿ ಆ ಮಾತು ನಿಲ್ಲುವುದಿಲ್ಲ. ‘ಏಲಿಯನ್’ನ ಎರಡನೇ ಭಾಗವಾದ ‘ಏಲಿಯನ್ಸ್’ (1986) ಚಿತ್ರದ ನಾಯಕಿ ರಿಪ್ಲಿಯೂ ಕೊಲ್ಲುವ ಅನ್ಯಗ್ರಹ ಜೀವಿಗಳಿರುವಲ್ಲಿಗೆ ಮತ್ತೆ ಹೋಗಲು ಮೊದಲು ಒಲ್ಲೆ ಎನ್ನುತ್ತಾಳೆ. ಆದರೆ ಅಲ್ಲಿ ಕಾದಿರುವುದು ಏನೆಂದು ಅವಳೊಬ್ಬಳಿಗೇ ಗೊತ್ತು, ಅದಕ್ಕಾಗಿ. ಮೊದಲ ಭಾಗದಲ್ಲಿ ನಾಯಕ ಅರಿಯದೆ ಹೆದರುತ್ತಾನೆ, ಎರಡನೆಯದರಲ್ಲಿ ಅರಿತು ಹೆದರಬೇಕು.

ನೀವು ಹಿಡಿದ 12 ಹಂತ ಹಾಲಿವುಡ್‌ನ ಕಥಾ ಸಲಹೆಗಾರ ಕ್ರಿಸ್ಟೋಫರ್ ವೋಗ್ಲರ್ ಚಿತ್ರಕಥೆಗಾರರಿಗೆಂದು ಹ್ರಸ್ವಗೊಳಿಸಿದ ಪಟ್ಟಿ. ಅದರಲ್ಲಿ ಮನೆ ಬಿಟ್ಟು ಹೊರಡುವುದಕ್ಕೇ 5 ಹಂತ, ಮರಳುವುದಕ್ಕೆ ಬರೀ 3. ಪುರಾಣಗಳ ವಿದ್ವಾಂಸ ಜೋಸೆಫ್ ಕ್ಯಾಂಬೆಲ್ 1949ರಲ್ಲಿ ಕೊಟ್ಟ ಮೂಲ ನಕ್ಷೆಯ 17 ಹಂತಗಳಲ್ಲಿ ಮರಳಿಕೆಗೇ 6 ಮೀಸಲು: ಮರಳಲು ಮನಸ್ಸಾಗದಿರುವುದು, ಬೆನ್ನಟ್ಟಿದವರಿಂದ ತಪ್ಪಿಸಿಕೊಂಡು ಓಡುವುದು, ಹೊರಗಿನವರ ನೆರವಿನಿಂದ ಪಾರಾಗುವುದು, ಮನೆಯ ಹೊಸ್ತಿಲನ್ನು ಈಗ ಒಳಮುಖವಾಗಿ ದಾಟುವುದು, ಎರಡೂ ಲೋಕಗಳಲ್ಲಿ ಬಾಳುವುದು, ಕೊನೆಗೆ ಭಯವಿಲ್ಲದೆ ಬದುಕುವುದು. ‘ಸ್ಟಾರ್ ವಾರ್ಸ್’ (1977) ಇದಕ್ಕೆಲ್ಲ ಒಂದು ಪದಕ ಪ್ರದಾನದಲ್ಲಿ ಮಂಗಳ ಹಾಡಿಬಿಟ್ಟಿತು. ಮೊದಲ ಭಾಗ ಹೀಗೆ ಉಳುಮೆ ಮಾಡದೆ ಬಿಟ್ಟ ನೆಲವೇ ಎರಡನೆಯದರ ಜಮೀನು.

ರಿಪ್ಲಿಯನ್ನೇ ಮತ್ತೆ ನೋಡಿ. ಬಾಹ್ಯಾಕಾಶ ನೌಕೆಯಲ್ಲಿ 57 ವರ್ಷ ನಿದ್ರಿಸಿ ಮರಳಿದವಳನ್ನು ವಿಚಾರಣಾ ಮಂಡಳಿ ನಂಬುವುದಿಲ್ಲ. ಲೈಸೆನ್ಸ್ ಹೋಗುತ್ತದೆ, ಹಡಗುಕಟ್ಟೆಯಲ್ಲಿ ಸರಕು ಎತ್ತುವ ಯಂತ್ರ ನಡೆಸುವ ಕೆಲಸಕ್ಕೆ ಸೇರುತ್ತಾಳೆ. ಮೇಲ್ನೋಟಕ್ಕೆ ಇದು ಬರೀ ಅವಮಾನ. ಮುಂದೆ ಸೈನಿಕರೆದುರು ಅದೇ ಯಂತ್ರವನ್ನು ಸಲೀಸಾಗಿ ನಡೆಸುತ್ತಾಳೆ, ಕ್ಲೈಮ್ಯಾಕ್ಸ್‌ನಲ್ಲಿ ಅದರೊಳಗೇ ನಿಂತು ಆ ಜೀವಿಗಳ ರಾಣಿಯನ್ನು ಎದುರಿಸುತ್ತಾಳೆ. ಮರಳಿಕೆಯ ಸೋಲು ಯುದ್ಧದ ಆಯುಧವಾಯಿತು. ಇಷ್ಟು ಅಚ್ಚುಕಟ್ಟಾದ ಹೆಣಿಗೆ ಈ ಪ್ರಕಾರದಲ್ಲಿ ಅಪರೂಪ.

ಇನ್ನೊಂದು ದಾರಿ, ಯಾನವನ್ನೇ ಬೇರೊಬ್ಬರಿಗೆ ಒಪ್ಪಿಸುವುದು. ‘ಟರ್ಮಿನೇಟರ್ 2’ರಲ್ಲಿ (1991) ಕಲಿಯುವ ಸರದಿ ಕೊಲ್ಲಲೆಂದೇ ಮಾಡಿದ ಯಂತ್ರಮಾನವನದ್ದು. ಮೊದಲ ಭಾಗದಲ್ಲಿ ಬೇಟೆಯಾಗಿದ್ದ ಸಾರಾ ಇಲ್ಲಿ ತಾನೇ ಬೇಟೆಗಾರ್ತಿಯಾಗಿ, ಮುಂದೆ ಆ ಯಂತ್ರಗಳಿಗೆ ದಾರಿಯಾಗುವ ಕೆಲಸದಲ್ಲಿರುವ ಒಬ್ಬ ಎಂಜಿನಿಯರನ್ನು ಕೊಲ್ಲಲು ಹೊರಡುತ್ತಾಳೆ. ಅವನ ಹೆಂಡತಿ, ಮಗನೆದುರು ಕೊನೆಯ ಗುಂಡು ಹಾರಿಸಲಾಗದೆ ಕುಸಿಯುವಾಗ, ಮೊದಲ ಗೆಲುವು ಅವಳಿಂದ ಏನನ್ನು ಕಿತ್ತುಕೊಂಡಿತ್ತೆಂದು ಕಾಣುತ್ತದೆ.

ಮುಂದಿನ ಭಾಗ ಕೆಡುವ ಬಗೆ ಮುಖ್ಯವಾಗಿ ಎರಡು. ಒಂದು, ನಾಯಕ ದೇವರಾಗಿಬಿಡುವುದು. ‘ದಿ ಮ್ಯಾಟ್ರಿಕ್ಸ್ ರಿಲೋಡೆಡ್’ನಲ್ಲಿ (2003) ನಾಯಕ ನಿಯೋ, ಖಳ ಸ್ಮಿತ್‌ನ ನಕಲುಗಳ ದಂಡಿನೊಡನೆ ಕಾದಾಡಿ, ಕೊನೆಗೆ ಹಾರಿಹೋಗುತ್ತಾನೆ. ಮೊದಲೇ ಹಾರಬಹುದಿತ್ತಲ್ಲ! ಅದೇ ಚಿತ್ರದಲ್ಲಿ ಉದ್ಧಾರಕನೆಂದು ಬಂದವರಲ್ಲಿ ಅವನು ಮೊದಲಿಗನಲ್ಲ, ಆರನೆಯವನು ಎಂದು ತಿಳಿಯುವ ದೃಶ್ಯ ಹೆಚ್ಚು ತಟ್ಟುತ್ತದೆ. ಏಕೆಂದರೆ ಏಟು ಬೀಳುವುದು ಅವನ ಶಕ್ತಿಗಲ್ಲ, ಅವನು ನಂಬಿದ್ದ ಕಥೆಗೆ. ಎರಡು, ಗಳಿಸಿದ್ದನ್ನು ಅಳಿಸುವುದು. ‘ಏಲಿಯನ್ 3’ (1992) ರಿಪ್ಲಿ ಪ್ರಾಣ ಒತ್ತೆಯಿಟ್ಟು ಉಳಿಸಿದ ಹುಡುಗಿಯನ್ನು ಆರಂಭದಲ್ಲೇ ಕೊಂದಿತು. ಸಾವು ತಪ್ಪೆನ್ನುತ್ತಿಲ್ಲ, ಪ್ರೇಕ್ಷಕ ಕಾಣದ, ನಾಯಕಿ ತಡೆಯಲಾಗದ ಸಾವು ಹಿಂದಿನ ಚಿತ್ರದ ದುಡಿಮೆಯನ್ನೇ ನೀರುಪಾಲು ಮಾಡುತ್ತದೆ.

ಈಗ ನಿಮ್ಮ ಪ್ರತಿಗೆ ಬರೋಣ. ಪುಟಕ್ಕೊಂದು ನಿಮಿಷದ ಲೆಕ್ಕದಲ್ಲಿ ಆ 30 ಪುಟ ಅರ್ಧ ಗಂಟೆ; ಅದನ್ನು 12ಕ್ಕೆ ಇಳಿಸಿ. ಗುರುವಿನ ಪಾತ್ರವನ್ನು ತೆಗೆದುಹಾಕಿ, ಆ ಜಾಗದಲ್ಲಿ ಅವಳೇ ನಿಂತು ಯಾರಿಗಾದರೂ ತಪ್ಪು ಪಾಠ ಹೇಳಿಕೊಡಲಿ. ಗ್ರಹ ಉಳಿದದ್ದರಿಂದ ನಷ್ಟವಾದವರು ಯಾರೆಂದು ಒಂದೇ ಸಾಲಿನಲ್ಲಿ ಬರೆದುಕೊಳ್ಳಿ. ಆ ಸಾಲು ಹೊಳೆಯುವವರೆಗೂ ಹೊಸ ಖಳನನ್ನು ಹುಡುಕಬೇಡಿ.